ಮುದ್ದೆ ಅಗಿದ ಮೂರು ದಿನ

ಕುರುಡುಮಲೆಯಾಚೆ, ಗುಡ್ಡದ ಬುಡದಲ್ಲಿ, ಕೋದಂಡರಾಮಪ್ಪನಿಗೆ ನಾಲ್ಕು ಎಕರೆ ಕಲ್ಲು ನೆಲವಿತ್ತು. ಹುರುಳಿ ಕೂಡ ನೆಟ್ಟಗೆ ಬಾರದ ಆ ನೆಲವನ್ನು ಅವನು 1977ರಲ್ಲಿ, ನಾಗಪುರದ ಕಡೆಯಿಂದ ಬಂದ ಭಿಕ್ಷು ಸುಮೇಧರಿಗೆ, ಊರವರ ಬಾಯಲ್ಲಿ 'ಭಂತೇಜಿ'ಗೆ, ಬಿಟ್ಟುಕೊಟ್ಟ. ಹೊಂಗೆ ಮರ, ಸೀತಾಫಲದ ಪೊದೆಗಳ ನಡುವೆ ಮೊದಲು ಒಂದು ಗುಡಿಸಲು ಎದ್ದಿತು, ಆಮೇಲೆ ಧ್ಯಾನಕ್ಕೊಂದು ಚಪ್ಪರ.

ಅವನ ಹೆಂಡತಿ ರಾಮಲಕ್ಷ್ಮಮ್ಮ ದಿನಾ ಬೆಳಗ್ಗೆ ಆ ಚಪ್ಪರದ ಮೂಲೆಯಲ್ಲಿ ಒಂದು ಗಂಟೆ ಕಣ್ಣುಮುಚ್ಚಿ ಕೂರುತ್ತಿದ್ದಳು. ಯಾರೂ ಅವಳನ್ನು ಕೂಗದ ಗಂಟೆ ಇಡೀ ದಿನದಲ್ಲಿ ಅದೊಂದೇ. ಹಾಗಾಗಿ ಮರುವರ್ಷ ಭಿಕ್ಷುಗಳು, "ಹತ್ತು ದಿನದ ಶಿಬಿರ ಮಾಡಿ ನೋಡುತ್ತೇನೆ ತಾಯಿ. ಜನ ನಿಲ್ಲದಿದ್ದರೆ ನಾನು ನಾಗಪುರಕ್ಕೆ ಮರಳುತ್ತೇನೆ," ಎಂದಾಗ ಆ ಗಂಟೆ ಕೈತಪ್ಪೀತೆಂದು ಅವಳು, ಅಡುಗೆ ನನ್ನದು ಎಂದುಬಿಟ್ಟಳು.

ಬೆಂಗಳೂರು, ಕೋಲಾರದ ಕಡೆಯಿಂದ ಹನ್ನೆರಡು ಜನ ಬಂದರು. ಹತ್ತು ದಿನವೂ ಮೌನ. ಮಧ್ಯಾಹ್ನ ಹನ್ನೆರಡರ ಗಂಟೆ ಬಾರಿಸಿದ ಮೇಲೆ ಒಂದು ಅಗುಳೂ ತಿನ್ನುವಂತಿಲ್ಲ. ಸನ್ಯಾಸಿಗೆ ಮುದ್ದೆ ಹಾಕುವುದು ಹೇಗೆ ಎಂದು ಊರವರು ಅಷ್ಟು ದಿನವೂ ಭಿಕ್ಷಾಪಾತ್ರೆಗೆ ಅನ್ನವನ್ನೇ ಹಾಕಿದ್ದರು. ಇಷ್ಟು ಜನಕ್ಕೆ ಅಕ್ಕಿ ಎಲ್ಲಿಂದ ತರುವುದು? ರಾಮಲಕ್ಷ್ಮಮ್ಮ ರಾಗಿ ಬೀಸಿಸಿದಳು.

"ಲೇ, ಪ್ಯಾಟೆ ಜನ ಕಣೇ! ಮುದ್ದೆ ಹಾಕಿದ್ರೆ ಓಡೋಗ್ತಾರೆ," ಎಂದ ಗಂಡ.

"ಇಪ್ಪತ್ತು ವರ್ಷದಿಂದ ತಿಂತಿದ್ದೀರಲ್ಲ, ನೀವು ಓಡೋದ್ರಾ?"

ಮೊದಲ ದಿನ ಹನ್ನೊಂದಕ್ಕೆ ಮುದ್ದೆ, ಸೊಪ್ಪಿನ ಬಸ್ಸಾರು ಬಡಿಸಿದಳು. ಹನ್ನೆರಡು ಜನರೂ, ಭಿಕ್ಷುಗಳೂ, ಕಣ್ಣುಮುಚ್ಚಿ ದವಡೆ ಆಡಿಸತೊಡಗಿದರು. ಆಡಿಸಿದರು, ಆಡಿಸಿದರು. ಹಿಟ್ಟು ಹಲ್ಲಿಗೆ ಮೆತ್ತಿ, ನಾಲಿಗೆ ಅದನ್ನು ಹುಡುಕಿಕೊಂಡು ಬಾಯೆಲ್ಲ ಸುತ್ತಿ, ಮುಖಗಳು ಸೊಟ್ಟಗಾದವು. ಗಂಟೆ ಬಾರಿಸಿದಾಗ ಎಲ್ಲರ ತಟ್ಟೆಯಲ್ಲೂ ಮುಕ್ಕಾಲು ಮುದ್ದೆ ಹಾಗೇ ಕೂತಿತ್ತು.

ಹಿಟ್ಟು ಬೇಯಲಿಲ್ಲವೇನೋ ಎಂದು ಅವಳು ಎರಡನೆಯ ದಿನ ಹತ್ತು ನಿಮಿಷ ಹೆಚ್ಚು ಬೇಯಿಸಿದಳು. ಮೂರನೆಯ ದಿನ ರಾಗಿಯನ್ನೇ ಬದಲಾಯಿಸಿದಳು. ದವಡೆಗಳು ಹಾಗೇ ಆಡಿದವು, ಮುದ್ದೆಗಳು ಹಾಗೇ ಉಳಿದವು. ಸಂಜೆ ಚಪ್ಪರದ ನಿಶ್ಶಬ್ದದಲ್ಲಿ ಹೊಟ್ಟೆಗಳು ಗುರುಗುಡುವುದು ಅಡುಗೆಮನೆಯವರೆಗೂ ಕೇಳಿಸುತ್ತಿತ್ತು.

ನಾಲ್ಕನೆಯ ಬೆಳಗ್ಗೆ ದಾರಿಯಲ್ಲಿ ಮೂರು ಬ್ಯಾಗುಗಳಿದ್ದವು. ಒಂದು ಕೋಲಾರದ ಕಾಲೇಜು ಮೇಷ್ಟ್ರು ಚನ್ನರಾಯಪ್ಪನವರದು. ಅವಳಿಗೆ ತಡೆಯಲಾಗಲಿಲ್ಲ.

"ಮೇಷ್ಟ್ರೇ, ನನ್ನ ಮುದ್ದೇಲಿ ಏನು ತಪ್ಪೈತೆ, ಬಾಯಿಬಿಟ್ಟು ಹೇಳಿ."

ಹೊರಟಾಗಿದೆಯಲ್ಲ ಎಂದು ಅವರು ಮೌನ ಮುರಿದರು. "ಮುದ್ದೆ ಬೆಣ್ಣೆ ಇದ್ದಂಗೈತೆ ಅಕ್ಕಾ. ಆದ್ರೆ ಒಂದೊಂದು ತುತ್ತೂ ಮೂವತ್ತೆರಡು ಸಲ ಅಗೀಬೇಕಂತ ಭಂತೇಜಿ ಹೇಳವ್ರೆ."

"ಮುದ್ದೆ ಅಗಿಯೋದಾ! ಬೆಂಗಳೂರೋರು ಬಿಡಿ, ಕೋಲಾರದೋರು ನಿಮಗೇನಾಗಿತ್ತು? ಭಂತೇಜಿಗೆ ಹೇಳ್ಬಾರದಾ?"

"ಮೌನ ಅಲ್ವಾ ಅಕ್ಕಾ," ಎಂದರು ಮೇಷ್ಟ್ರು, ಸಣ್ಣ ದನಿಯಲ್ಲಿ.

"ಬ್ಯಾಗು ಅಲ್ಲೇ ಇರ್ಲಿ. ಹನ್ನೊಂದೂವರೆ ಗಂಟ ಇದ್ದು ಹೋಗಿ. ಅವರಿಬ್ಬರಿಗೂ ಹೇಳಿ."

ಅಂದು ಎಲ್ಲರಿಗೂ ಬಡಿಸಿದ ಮೇಲೆ ಅವಳು ತನ್ನ ತಟ್ಟೆ ತಂದು ಭಿಕ್ಷುಗಳ ಎದುರಿಗೇ ಕೂತಳು. ಇನ್ನೂ ಯಾರೂ ಕಣ್ಣುಮುಚ್ಚಿರಲಿಲ್ಲ. ಚಿವುಟಿದಳು, ಬೆರಳಲ್ಲಿ ಉರುಳಿಸಿದಳು, ಸಾರಿನಲ್ಲಿ ಅದ್ದಿದಳು, ಬಾಯಿಗಿಟ್ಟು ಗುಳುಂ ಎಂದು ನುಂಗಿದಳು. ನುಂಗಿದ್ದು ಕಾಣಲಿ ಎಂದು ಕತ್ತು ಎತ್ತಿ ತೋರಿಸಿದಳು. ಮತ್ತೊಂದು. ಮಗದೊಂದು.

ಭಿಕ್ಷುಗಳು ಒಂದು ಕ್ಷಣ ನೋಡಿ, ಚಿವುಟಿ, ಅದ್ದಿ, ನುಂಗಿದರು. ಅವರ ಹುಬ್ಬು ಮೇಲೇರಿತು. ಇನ್ನೊಂದು ನುಂಗಿದರು. ಬಳಿಕ ಶಿಬಿರದವರತ್ತ ತಿರುಗಿ, "ಇಂದಿನಿಂದ ಅಗಿಯುವುದನ್ನಲ್ಲ, ನುಂಗುವುದನ್ನು ಗಮನಿಸೋಣ," ಎಂದರು.

ಹನ್ನೊಂದು ಇಪ್ಪತ್ತಕ್ಕೆ ಹದಿಮೂರು ತಟ್ಟೆಗಳೂ ಎರಡನೆಯ ಮುದ್ದೆಗೆ ಚಾಚಿಕೊಂಡಿದ್ದವು. ಮೂರು ದಿನದ ಹಸಿವಲ್ಲವೇ, ಕೆಲವು ಮೂರನೆಯದಕ್ಕೂ.

ಮಧ್ಯಾಹ್ನ ಒಂದು ಗಂಟೆಯ ಧ್ಯಾನದಲ್ಲಿ ಚಪ್ಪರದ ತುಂಬ ಗೊರಕೆ. ಎಲ್ಲಕ್ಕಿಂತ ಜೋರಾದದ್ದು ಮೇಷ್ಟ್ರದು. ಭಿಕ್ಷುಗಳು ಮೆಲ್ಲನೆ ಅಡುಗೆಮನೆಯ ಬಾಗಿಲಿಗೆ ಬಂದರು.

"ಇನ್ನು ಯಾರೂ ಹೋಗುವುದಿಲ್ಲ ತಾಯಿ, ನಾನೂ ಹೋಗುವುದಿಲ್ಲ. ಆದರೆ ನಾಳೆಯಿಂದ ಒಬ್ಬರಿಗೆ ಒಂದೇ ಮುದ್ದೆ."

"ಒಂದೂವರೆ," ಎಂದಳು ರಾಮಲಕ್ಷ್ಮಮ್ಮ.

ಭಿಕ್ಷುಗಳು ಯೋಚಿಸಿದರು, ಆಗಲಿ ಎಂದು ತಲೆಯಾಡಿಸಿದರು, ಆಮೇಲೆ ಆ ಕಡೆ ತಿರುಗಿ ಆಕಳಿಸಿದರು.