ಮೂರನೇ ಸಾಲಿನ ಗೀಟು

ಗೀಟು ಹೊರಗೆ ಬಂದಿದೆ, ಪಟ್ಟಿಯ ಮೂರನೇ ಸಾಲಿನ ಕೊನೆಯ ನಿಲುಗೀಟು, ಮೇಲಿನವು ಕೆಳಗಿನವು ಒಂದರಡಿಗೊಂದು ನಿಂತು ಗೋಡೆಯಾಗಿವೆ, ಇದೊಂದೇ ಅಕ್ಷರದಗಲ ಆಚೆ ಕಾಲಿಟ್ಟಿದೆ — ಮುದುಕಿ ಕನ್ನಡಕ ಒರೆಸಿ ಹಾಕಿಕೊಂಡಳು, ಕನ್ನಡಕದ್ದೇನೂ ತಪ್ಪಿಲ್ಲ, ಕಪ್ಪು ಪರದೆ, ಹಸಿರು ಅಕ್ಷರದಲ್ಲಿ ರೈಲಿನ ಪಟ್ಟಿ, ಪಕ್ಕದಲ್ಲಿ ಕೀಲಿಗಳ ಮೇಲೆ ಕೈಯಿಟ್ಟ ಹುಡುಗಿ, ಆಫೀಸಿನವರೆಲ್ಲ ಅವಳ ಕೂದಲು ನೋಡಿ ಗುಂಗುರು ಅಂತಲೇ ಕರೆಯುವುದು, ಅವಳಂದಳು, ನೋಡಿ ದೊಡ್ಡಮ್ಮ, ನಿನ್ನೆ ನೀವು ವಾಲಿದೆ ಅಂದ್ರಲ್ಲ, ಮೂರನೇ ಸಾಲಿಗೆ ಒಂದು ಖಾಲಿ ಜಾಗ ಸೇರಿಸಿದೀನಿ, ನನ್ನ ಲೆಕ್ಕದಲ್ಲಿ ಸರಿಯಾಗೇ ಇತ್ತು, ಆದ್ರೆ ನಿಮ್ಮ ಕಣ್ಣು ಅಂದ್ರೆ ಕಣ್ಣು. ಕಣ್ಣಂತೆ ಕಣ್ಣು, ನಿನ್ನೆ ಅದು ಸರಿಯಾಗೇ ಕಂಡಿತ್ತು, ಸುಳ್ಳಾಡಿದ್ದು ಬಾಯಿ. ಹಿಂದೆ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವಾಗ ಕೈಹಿಡಿದ ಯಜಮಾನರು ಯಂತ್ರ ತುಳಿಯುತ್ತಲೇ ಅನ್ನುತ್ತಿದ್ದರು, ನಿನ್ನ ಸಾಲು ನೆಟ್ಟಗೆ, ನಾಲಿಗೆ ಮಾತ್ರ ಸೊಟ್ಟ, ಹಾಗಂದು ತಾವೇ ನಗುತ್ತಿದ್ದರು, ಮಸಿ ಹತ್ತಿದ ಕೆನ್ನೆ — ಸೀಸದ ಮೊಳೆಗೆ ಇದ್ದಷ್ಟೇ ಅಗಲ, ಬೆರಳಿಗೆ ಗೊತ್ತಾಗುತ್ತಿತ್ತು, ಈ ಪೆಟ್ಟಿಗೆಗೆ ಏನೂ ಗೊತ್ತಾಗದು, ಗುಂಗುರು ಮೊದಲ ದಿನವೇ ಹೇಳಿದ್ದಳು, ನಮ್ಮ ಕಣ್ಣಿಗೆ ಒಂದು ಅಕ್ಷರ, ಇದರೊಳಗೆ ಅದು ನಾಲ್ಕೈದು ತುಂಡು ದೊಡ್ಡಮ್ಮ, ಇದು ತುಂಡು ಎಣಿಸಿ ಜಾಗ ಬಿಡುತ್ತೆ, ಒತ್ತಕ್ಷರ ಬಂದ ಸಾಲೆಲ್ಲ ಕುಡಿದವನ ಹಾಗೆ ತೂರಾಡುತ್ತೆ, ನಮಗೆ ಬೇಕಾದ್ದು ಕಾಣೋ ಅಗಲ, ನೀವು ನೋಡಿ ಹೇಳಿ ಸಾಕು. ನೋಡಿ ಹೇಳುವುದು, ಎಂಥಾ ಸುಖದ ಕೆಲಸ, ಮುಂಜಾನೆ ಬಾಡಿಗೆ ಕೋಣೆಯ ಬೀಗ ಹಾಕಿ ಬಂದು ಇಲ್ಲಿ ಕೂತ ಮೇಲೇ ದಿನದ ಮೊದಲ ಮಾತು, ಗಂಟಲು ಕಟ್ಟಿರುತ್ತದೆ, ಒಮ್ಮೆ ಕೆಮ್ಮಿಕೊಂಡು ಆಡಬೇಕು, ಕೋಣೆಯಲ್ಲಿ ಯಾರ ಹತ್ತಿರ ಆಡುವುದು, ಒಂದು ಲೋಟ, ಅದನ್ನೇ ತೊಳೆದು ಅದನ್ನೇ ಕವುಚುವುದು — ಮೊನ್ನೆ ಮೇಲಿನ ಸಾಹೇಬರು ಬಂದು, ಅಮ್ಮಾ, ನೀವು ಸರಿ ಅಂದ್ಬಿಟ್ರೆ ಮುಗೀತು, ಸ್ಟೇಷನ್ ಕೌಂಟರ್‌ಗಳಿಗೆಲ್ಲ ಇದನ್ನ ಕಳಿಸಿಬಿಡ್ತೀವಿ, ಆಮೇಲೆ ನಿಮಗೆ ಓಡಾಟ ಇಲ್ಲ, ಆರಾಮಾಗಿ ಮನೇಲಿರಿ. ಆರಾಮ. ಅದಕ್ಕೇ ನಿನ್ನೆ ಗೋಡೆಯಂಥ ಸಾಲು ಎದುರಿಗಿದ್ದರೂ ಮೂರನೇದು ವಾಲಿದೆ ಅಂದದ್ದು, ಇಲ್ಲಿ ಇನ್ನೊಂದು ದಿನ ಸಿಕ್ಕರೆ ಸಾಕೆಂದು, ಗುಂಗುರು ಇಲ್ಲದ ತಪ್ಪು ಹುಡುಕುತ್ತ ಊಟ ಬಿಟ್ಟಳು, ಇವತ್ತು ಕಣ್ಣು ಕೆಂಪಗೆ, ಇದ್ದದ್ದನ್ನು ಕೆಡಿಸಿ ತಂದಿದ್ದಾಳೆ, ಇವಳು ಆ ಸುಳ್ಳು ನಂಬಿದಳು, ಸುಮ್ಮನಿದ್ದರೆ ಕೆಟ್ಟದ್ದೇ ಊರೂರಿಗೆ ಹೋಗುತ್ತದೆ, ಇವಳ ತಲೆಗೆ ಬರುತ್ತದೆ, ಬಾಯಿಬಿಟ್ಟರೆ ನಾಳೆ ಬೀಗ ತೆಗೆಯುವುದೂ ಇಲ್ಲ ಹಾಕುವುದೂ ಇಲ್ಲ. ಏನಾಯ್ತು ದೊಡ್ಡಮ್ಮ, ಇನ್ನೂ ವಾಲಿದೆಯಾ? ಈಗ ವಾಲಿದೆ ಕಣೇ, ನಿನ್ನೆ ಸರಿ ಇತ್ತು. ಅಂದ್ರೆ? ಅಂದ್ರೆ ನಾನು ಸುಳ್ಳು ಹೇಳಿದೆ, ನಿನ್ನ ಲೆಕ್ಕವೇ ಸರಿ, ಆ ಜಾಗ ತೆಗೆದುಬಿಡು. ಯಾಕೆ ಅಂತ ಕೇಳುತ್ತಾಳೆ, ಏನು ಹೇಳುವುದು, ಲೋಟದ ವಿಷಯ ಹೇಳುವುದೇ — ಹುಡುಗಿಯ ಬೆರಳು ಕೀಲಿಯ ಮೇಲಿದೆ, ಕಣ್ಣು ಮುದುಕಿಯ ಮುಖದ ಮೇಲೆ, ಒತ್ತುತ್ತಿಲ್ಲ, ಒತ್ತು ಮಗಳೇ, ಒತ್ತಿದರೆ ಅದು ಉಳಿದವುಗಳ ಜೊತೆ ಸೇರಿಕೊಳ್ಳುತ್ತದೆ, ಒತ್ತುತ್ತಿಲ್ಲ, ಪರದೆ ಅಲುಗದು, ಗೀಟು ಅಲ್ಲೇ, ಹೊರಗೆ, ಒಂದೇ —