ದರ್ಭೆಯ ಗಂಡ

ಗಂಡನನ್ನು ಸುಟ್ಟು ವರ್ಷ ತುಂಬುವ ಮೊದಲೇ ಹೊಸಪೇಟೆಯ ರಾಧಾಬಾಯಿಯ ಮನೆಯ ಮುಂದೆ ಒಂದು ಜಟಕಾ ಬಂದು ನಿಂತಿತು. ಇಳಿದವನು ಗಂಡನೇ.

ಸುಟ್ಟದ್ದು ದರ್ಭೆಯ ಬೊಂಬೆಯನ್ನು. ಪ್ರಭಂಜನ 1911ರಲ್ಲಿ ಅಮೆರಿಕಕ್ಕೆ ಹೋದವನು. ಮೂರು ವರ್ಷ ಕಾಗದ ಬಂತು, ಆಮೇಲೆ ನಿಂತಿತು. ಸುದ್ದಿಯಿಲ್ಲದೆ ಹನ್ನೆರಡು ವರ್ಷ ಕಳೆದರೆ ಸತ್ತನೆಂದೇ ಎಣಿಸಿ ಕ್ರಿಯೆ ಮಾಡಬೇಕೆಂದು ಪುರೋಹಿತ ತಿರುಮಲಾಚಾರ್ಯರು ಹೇಳಿದರು. ಮೈದುನ ಪುರಂದರ ಹಂಪಿಯ ಹೊಳೆದಂಡೆಯಲ್ಲಿ ದರ್ಭೆಯಿಂದ ಮೈ ಕಟ್ಟಿ, ತಲೆಗೊಂದು ತೆಂಗಿನಕಾಯಿ ಇಟ್ಟು ಬೆಂಕಿ ಕೊಟ್ಟ. ಹತ್ತನೆಯ ದಿನ ರಾಧಾಬಾಯಿಯ ಬಳೆ ಒಡೆದು, ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿದರು.

ಸತ್ತವನು ಹೊಸಿಲು ದಾಟುವಂತಿಲ್ಲ. ಪ್ರಭಂಜನನಿಗೆ ಹೊರಗಿನ ಕಟ್ಟೆಯ ಮೇಲೆ ಚಾಪೆ ಹಾಕಿದರು. ರಾಧಾಬಾಯಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು.

"ಒಂದ್ ಕಾಗದ ಹಾಕಬಾರದಿತ್ತೇನಣ್ಣಾ?" ಎಂದ ಪುರಂದರ.

"ಏನಂತ ಬರೀಲಿ? ಫ್ರೆಸ್ನೋದಾಗ ದ್ರಾಕ್ಷಿ ಬಳ್ಳಿ ಕತ್ತರಿಸ್ತೀನಿ, ಕೂಲಿಯವ್ರ ಜೋಡಿ ಕೊಟ್ಟಿಗ್ಯಾಗ ಮಲಗ್ತೀನಿ ಅಂತನಾ? ಇಕಿನ್ನ ಕರಿಸ್ಕೋಬೇಕಂದ್ರ, ಹದಿನೇಳರಾಗ ಕಾಯ್ದೆ ಮಾಡಿ ನಮ್ಮ ಮಂದಿಗೆ ಬಾಗಿಲಾ ಹಾಕಿದ್ರು. ಅಲ್ಲಿ ಪ್ರಜಾ ಆದ್ರ ದಾರಿ ಸಿಕ್ಕೀತು ಅಂತ ಕೋರ್ಟಿನ್ಯಾಗ ಪ್ರಮಾಣ ಮಾಡ್ದೆ, ಆದೆ. ದಾರಿ ಸಿಕ್ಕಮ್ಯಾಲ ಬರದ್ರಾತು ಅಂತಿದ್ದೆ. ಇಪ್ಪತ್ಮೂರರಾಗ ದೊಡ್ಡ ಕೋರ್ಟು, ಹಿಂದೂಸ್ತಾನದವ್ರು ಬಿಳೇರಲ್ಲ, ಪ್ರಜಾ ಆಗಾಕ ಬರೂದಿಲ್ಲ ಅಂತು. ನಂದೂ ಹೋತು. ತಗದೀವಿ ಅನ್ನಲಿಲ್ಲ, ಮೊದಲಿಂದ್ಲೂ ನೀ ಪ್ರಜಾ ಆಗೇ ಇಲ್ಲ ಅಂದ್ರು."

"ಹಂಗಾದ್ರ ಅಷ್ಟು ದಿನ ಅಲ್ಲಿದ್ದಾಂವ ಯಾರು?" ಪುರಂದರ ನಗಿಸಲು ನೋಡಿದ.

ಪ್ರಭಂಜನ ನಗಲಿಲ್ಲ. "ಬಿಳೇರ ಕ್ಷೌರದಂಗಡ್ಯಾಗ ನನ್ನ ತಲಿ ಸೈತ ಮುಟ್ತಿರ್ಲಿಲ್ಲ."

"ನನಗ ಆ ತ್ರಾಸ ಆಗ್ಲಿಲ್ರಿ," ಎಂದಳು ರಾಧಾಬಾಯಿ ಬಾಗಿಲ ಹಿಂದಿನಿಂದ. "ಕ್ಷೌರದಾಂವ ಮನಿಗೇ ಬಂದಿದ್ದ."

ಹದಿನಾರು ವರ್ಷದ ಮೇಲೆ ಆಕೆ ಗಂಡನೊಂದಿಗೆ ಆಡಿದ ಮೊದಲ ಮಾತು ಅದು.

ತಿರುಮಲಾಚಾರ್ಯರು ಶಾಸ್ತ್ರ ನೋಡಿ ಬಂದರು. "ದಾರಿ ಅದ. ಕ್ರಿಯಾ ಆದಾಂವ ತಿರುಗಿ ಬಂದ್ರ ತುಪ್ಪದಾಗ ಮುಳುಗಿಸಿ ಎಬ್ಬಿಸಬೇಕು. ಆಗ ಹುಟ್ಟಿದ ಕೂಸಿನ ಹಂಗ ಜಾತಕರ್ಮ, ನಾಮಕರಣ, ಮುಂಜಿವಿ. ಕಡೀಕ ಅದೇ ಹೆಂಡ್ತಿ ಜೋಡಿ ಮದುವಿ."

"ವೈನಿ ತಲಿ?" ಎಂದ ಪುರಂದರ ಮೆಲ್ಲಗೆ, ಅತ್ತಿಗೆ ನಿಂತಿದ್ದ ಬಾಗಿಲ ಕಡೆ ನೋಡಿ.

"ಕೂದ್ಲಲ್ಲೇನು, ಬೆಳೀತದ."

ಪ್ರಭಂಜನನ ಮುಖ ಅರಳಿತು. "ಅಲ್ಲಿ ಒಮ್ಮೆ ಅಳಿಸಿದ್ರ ಮುಗೀತು. ನಮ್ಮಲ್ಲಿ ತಿರುಗಿ ಬರೀತಾರ ನೋಡು."

ಮುಳುಗುವಷ್ಟು ತುಪ್ಪ ಎಲ್ಲಿಂದ ತರುವುದು? ಕೊಪ್ಪರಿಗೆಗೆ ನೀರು ತುಂಬಿ ಮೇಲೆ ತುಪ್ಪ ಸುರಿದರು. ನರೆತ ಮೀಸೆಯ ಗಂಡಸು ಅದರಲ್ಲಿ ಮಂಡಿ ಮಡಚಿ ಕೂತು, ಮುಳುಗಿ ಎದ್ದ. ಆಚಾರ್ಯರು ನಾಲಿಗೆಗೆ ಜೇನುತುಪ್ಪ ಸವರಿ, ಕಿವಿಯಲ್ಲಿ ಹಳೆಯ ಹೆಸರನ್ನೇ ಹೇಳಿ, ಜನಿವಾರ ಹಾಕಿದರು. ಕೇರಿಯ ಹೆಂಗಸರು ಸೆರಗು ಬಾಯಿಗೊತ್ತಿ ನಕ್ಕರು.

ರಾಧಾಬಾಯಿ ತನಗಾಗಿ ಇಟ್ಟಿದ್ದ ತಟ್ಟೆಯನ್ನೇ ನೋಡುತ್ತಿದ್ದಳು. ಹಸಿರು ಸೀರೆ, ಕುಂಕುಮ, ಬಳೆ. ಒಡೆಯುವಾಗ ಯಾರೂ ಆಕೆಯನ್ನು ಕೇಳಿರಲಿಲ್ಲ. ಈಗ ಬಳೆಯ ಅಳತೆಯನ್ನಷ್ಟೇ ಕೇಳಿದ್ದರು.

"ಸೀರಿ ಉಟ್ಕೊಂಡ್ ಬರ್ರಿ ತಾಯಿ, ಮುಹೂರ್ತ ಬಂತು," ಎಂದರು ಆಚಾರ್ಯರು.

"ಆಚಾರ್ರ, ಇವರು ಹುಟ್ಟಿದ್ದು ಯಾವಾಗ?"

"ಶಾಸ್ತ್ರದ ಪ್ರಕಾರ ಈಗ."

"ನನಗ ನಲವತ್ತಾತು. ಈಗ ಹುಟ್ಟಿದ ಕೂಸಿಗೆ ನನ್ನ ಯಾಕ ಕಟ್ತೀರಿ?"

"ವೈನಿ, ಚ್ಯಾಷ್ಟಿ ಮಾಡೋ ಹೊತ್ತಲ್ಲ ಇದು!"

"ಚ್ಯಾಷ್ಟಿ ಅಲ್ಲ, ಪುರಂದರ. ನನ್ನ ಗಂಡನ್ನ ನೀನೇ ಸುಟ್ಟು ಬಂದಿ. ದರ್ಭಿಯವನಾದ್ರೂ ಆಗ್ಲಿ, ಅವನಿಗೆ ನಾ ಅತ್ತಾಗೇದ. ಇನ್ನೊಬ್ಬರಿಗೆ ಅಳೂದು ನನ್ನ ಕಡಿಂದ ಆಗೂದಿಲ್ಲ."

ಪ್ರಭಂಜನ ಎದ್ದು ನಿಂತ. ಮೈಯಿಂದ ತುಪ್ಪದ ನೀರು ತೊಟ್ಟಿಕ್ಕುತ್ತಿತ್ತು. "ರಾಧಾ, ನಿನ್ನ ಸಲುವಾಗೇ ಬಂದೀನಲ್ಲ."

"ಇಲ್ರಿ. ಅಲ್ಲಿಯವರು ಬ್ಯಾಡಂದಮ್ಯಾಲ ಬಂದ್ರಿ."

ಆಕೆ ಕೆಂಪು ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ತಾಮ್ರದ ಕೊಡ ಎತ್ತಿಕೊಂಡು ಬಾವಿಯ ಕಡೆ ನಡೆದಳು. ಪುರಂದರನ ಹೆಂಡತಿ ಹಸಿರು ಸೀರೆಯ ತಟ್ಟೆಯನ್ನು ಸದ್ದಿಲ್ಲದೆ ಒಳಗೆ ಒಯ್ದಳು. ಪ್ರಭಂಜನ ಅಂಗಳದಲ್ಲೇ ನಿಂತಿದ್ದ. ತುಟಿಯ ಮೇಲಿನ ಜೇನುತುಪ್ಪ ಇನ್ನೂ ಆರಿರಲಿಲ್ಲ.