ಅಳೆಯದೆ ಉಳಿದ ಮಳೆ

ಅತ್ತಿಗೆ ತೀರಿಕೊಂಡ ಬೆಳಿಗ್ಗೆ ಅಣ್ಣ ಮಳೆ ಅಳೆಯಲಿಲ್ಲ. ಪಂಪ್‌ಹೌಸ್ ನೋಡಿಕೊಳ್ಳುವವನು ಅವನು. ಅಲ್ಲೇ ಹಿಂದೆ ಮನೆ, ಮುಂದಿನ ಅಂಗಳದಲ್ಲಿ ಹವಾಮಾನ ಕಚೇರಿಯ ಮಳೆಮಾಪಕ; ದಿನಾ ಬೆಳಿಗ್ಗೆ ಅದನ್ನು ಅಳೆದು ಬರೆದಿಡುವವನೂ ಅವನೇ. ಹಿಂದಿನ ರಾತ್ರಿ ಆಕಾಶವೇ ತೂತಾದಂತೆ ಸುರಿದಿತ್ತು. ಹೆಣ ಸಾಗಿಸುವ ಗಡಿಬಿಡಿಯಲ್ಲಿ ಯಾರದೋ ಕಾಲು ತಾಗಿ ಮಾಪಕ ಉರುಳಿ, ನೀರೆಲ್ಲ ಚೆಲ್ಲಿಹೋಯಿತು. ಆ ದಿನದ ಲೆಕ್ಕವನ್ನು ಅಣ್ಣ ಖಾಲಿ ಬಿಟ್ಟ. ಮರುದಿನದಿಂದ ಮತ್ತೆ ಅಳೆಯತೊಡಗಿದ.

ವರ್ಷಗಳು ಕಳೆದ ಮೇಲೆ ಆ ಖಾಲಿ ಜಾಗ ತಂಗಿಯ ಮೇಜಿಗೆ ಬಂತು. ಅವಳು ಹವಾಮಾನ ಕಚೇರಿಯಲ್ಲಿ ವಾಡಿಕೆ ಮಳೆಯ ಲೆಕ್ಕ ಕಟ್ಟುವವಳು. ದಿನದಿನದ ಮಳೆ ಕೂಡಿದರೆ ತಿಂಗಳದ್ದು, ತಿಂಗಳುಗಳನ್ನು ಕೂಡಿದರೆ ವರ್ಷದ್ದು, ಮೂವತ್ತು ವರ್ಷದ್ದನ್ನು ಕೂಡಿ ಮೂವತ್ತರಿಂದ ಭಾಗಿಸಿದರೆ ವಾಡಿಕೆ. ಒಂದು ದಿನ ತಪ್ಪಿದರೂ ಆ ತಿಂಗಳ ಮೊತ್ತ ನಿಲ್ಲುವುದಿಲ್ಲ. ಸೊನ್ನೆ ಹಾಕುವಂತೆಯೂ ಇಲ್ಲ; ಸೊನ್ನೆಯೆಂದರೆ ಮಳೆಯೇ ಬಂದಿಲ್ಲ ಎಂದರ್ಥ.

"ಅಕ್ಕಪಕ್ಕದ ಕೇಂದ್ರಗಳ ಮಳೆ ನೋಡಿ, ಅಂದಾಜು ಕಟ್ಟಿ ತುಂಬಿಸಮ್ಮ. ಎಲ್ಲ ಕಡೆ ಮಾಡೋದೇ ಅಲ್ವಾ?" ಎಂದರು ಸಾಹೇಬರು.

ಬೇರೆ ಕೇಂದ್ರಗಳಿಗೆ ಅವಳು ಎಷ್ಟೋ ಸಲ ಹಾಗೆ ತುಂಬಿದ್ದಳು. ಇದಕ್ಕೆ ಮಾತ್ರ ಕೈ ಬರಲಿಲ್ಲ. ಸಂಜೆ ಅಣ್ಣನ ಮನೆಗೆ ಹೋದಳು.

ಅಣ್ಣ ಒಲೆಯ ಮುಂದಿದ್ದ. ವಿಷಯ ಕೇಳಿ ಸೌಟು ಕೆಳಗಿಟ್ಟ.

"ಎಲ್ಲೆಲ್ಲೋ ಬಿದ್ದ ಮಳೇನ ತಂದು ಆ ದಿನಕ್ಕೆ ಹಚ್ಚಬೇಡ."

"ಹಾಗೇ ಬಿಟ್ರೆ ಆ ತಿಂಗಳನ್ನೇ ಕೈಬಿಡಬೇಕಾಗುತ್ತೆ ಅಣ್ಣ. ಅಂಥ ಜೋರು ಮಳೆ ತಿಂಗಳು. ಸರಾಸರಿ ಕಡಿಮೆ ಆಗುತ್ತೆ."

"ಆಗ್ಲಿ ಬಿಡು. ಕಡಿಮೆ ಆಗಿರೋದು ನಿಜ ತಾನೇ?"

ಆ ಊರಿನ ಚರಂಡಿ, ಸೇತುವೆಗಳೆಲ್ಲ ಆ ಅಂಕಿಗಳನ್ನು ನಂಬಿ ನಿಲ್ಲುತ್ತವೆ ಎಂದು ಅವಳು ಹೇಳಬೇಕೆಂದಿದ್ದಳು. ಬದಲಿಗೆ ಅವನು ಕೆಳಗಿಟ್ಟ ಸೌಟು ತೆಗೆದುಕೊಂಡು ಸಾರು ತಿರುವಿದಳು.

ಮರುದಿನ ಕಚೇರಿಯಲ್ಲಿ ಮಧ್ಯಾಹ್ನದವರೆಗೂ ಬೇರೆ ಕೆಲಸ ಹಚ್ಚಿಕೊಂಡು, ಕೊನೆಗೆ ಅಂದಾಜು ಮಳೆಯನ್ನೇ ತುಂಬಿದಳು. ಪಕ್ಕದಲ್ಲಿ 'ಅಳತೆಯಲ್ಲ' ಎಂಬ ಗುರುತು ಹಾಕಿದಳು. ದಿನವಾರು ಮಳೆ ಪಟ್ಟಿ ಅಚ್ಚಾಗುವಾಗ ಆ ಗುರುತು ಬಿಟ್ಟುಹೋಯಿತು.

ಅಚ್ಚಾದ ಪಟ್ಟಿಯ ಒಂದು ಪ್ರತಿ ಅಣ್ಣನ ಪಂಪ್‌ಹೌಸಿಗೂ ಹೋಯಿತು. ಮುಂದಿನ ಸಲ ಅವಳು ಬಂದಾಗ ಅಣ್ಣ ಮುಖ ನೋಡದೆ ಕೇಳಿದ.

"ನೀನೇ ಬರೆದ್ಯಾ?"

"ಹೂಂ ಅಣ್ಣ."

ಅವನು ಬೈಯಲಿಲ್ಲ. ತಟ್ಟೆ ಇಟ್ಟು ಅನ್ನ ಬಡಿಸಿದ. "ತಣ್ಣಗಾಗುತ್ತೆ, ತಿನ್ನು" ಎಂದು ಹೇಳಿ, ತಾನು ಕೂರದೆ, ಪಂಪ್ ನೋಡಿಬರುವ ನೆಪ ಮಾಡಿಕೊಂಡು ಹೊರಗೆ ಹೋದ. ಅವಳು ಊಟ ಮುಗಿಸಿ, ತಟ್ಟೆ ತೊಳೆದಿಟ್ಟು, ಬಹಳ ಹೊತ್ತು ಕಾದಳು. ಅವನು ಬರಲಿಲ್ಲ.